ತಿಥಿ ನೋಡಿ ನಡೆದೆವು: ವರ್ಸೋವಾದಿಂದ ಜುಹೂವರೆಗೆ

ಕಳೆದ ಅಕ್ಟೋಬರಿನಿಂದ ಮೇ ತನಕ 14 ಭಾನುವಾರಗಳಿಗೆ ಗುರುತು ಹಾಕಿದ್ದೆ. ಅದರಲ್ಲಿ 13 ಸಲ ಮುಂಬೈಯ ವರ್ಸೋವಾದಿಂದ ಜುಹೂವರೆಗೆ ಮರಳಿನ ಮೇಲೇ ನಡೆದೆವು. ಒಂದು ಸಲವೂ ನೀರು ಅಡ್ಡ ಬರಲಿಲ್ಲ. ನಮ್ಮ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 65 ದಾಟಿದವರು. ನನ್ನ ಅತ್ತೆಗೆ 74, ಮೊಣಕಾಲು ನೋವು ಬೇರೆ. ಅವರೂ ಒಂಬತ್ತು ಸಲ ಪೂರ್ತಿ ನಡೆದರು.

ದಾರಿ ಸುಲಭದ್ದೇ. ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಏರಿಲ್ಲ, ಇಳಿಜಾರಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಕಷ್ಟ ಬೇರೆ ಕಡೆ ಇದೆ: ಸಮುದ್ರ ಹಿಂದೆ ಸರಿದಾಗ ಸಿಗುವ ಗಟ್ಟಿ ಮರಳಿನ ಪಟ್ಟಿ ಬೆಳಗಿನ ಹೊತ್ತಿಗೇ ಸಿಗಬೇಕು, ಅದೂ ಭಾನುವಾರ. ಇದನ್ನು ಹಿಂದಿನ ರಾತ್ರಿ ಫೋನಿನಲ್ಲಿ ನೋಡಿದರೆ ಆಗಲ್ಲ. ಮನೆಯವರು ಕರೆದುಕೊಂಡು ಬರಬೇಕಾದ ಹಿರಿಯರಿಗೆ ತಿಂಗಳ ಮೊದಲೇ ತಾರೀಖು ಹೇಳಬೇಕು.

ಮೊದಲ ವರ್ಷ ನಾನು ಸುಮ್ನೆ "ಪ್ರತಿ ತಿಂಗಳ ಎರಡನೇ ಭಾನುವಾರ" ಅಂತ ಇಟ್ಟುಕೊಂಡೆ. ಮೊದಲ ಸಲವೇ ಸಿಕ್ಕಿದ್ದು ಅಷ್ಟಮಿ. ಆರೂವರೆಗೆ ಹೋಗಿ ನಿಂತರೆ ಸಮುದ್ರ ತುಂಬಿ ನಿಂತಿತ್ತು. ವರ್ಸೋವಾದಲ್ಲಿ ಕಾಲಿಡಲು ಉಳಿದಿದ್ದು ಗೋಡೆ ಪಕ್ಕದ ಸಡಿಲ ಮರಳು ಮಾತ್ರ. ಅದರಲ್ಲೇ ಅರ್ಧ ಕಿಲೋಮೀಟರ್ ನಡೆಸಿದೆ. ಪಾದ ಹೂತು ಹೂತು ಮೂವರಿಗೆ ಮೊಣಕಾಲು ಊದಿತು. ಟೆಂಪೋಗೆ ಕೊಟ್ಟ 2,200 ರೂಪಾಯಿ ಹೋಯಿತು. "ನೀರಲ್ಲಿ ಹಾಕುವ ಶೂ" ಅಂತ ಆರು ಜೊತೆ ತರಿಸಿದ್ದೆ, ಒಂದಕ್ಕೆ 400ರ ಹತ್ತಿರ. ಎರಡು ತಿಂಗಳಲ್ಲಿ ಅಟ್ಟೆ ಬಿಟ್ಟಿತು. ಒಬ್ಬರ ಫೋನ್ ಅಲೆಗೆ ಬಿತ್ತು, ರಿಪೇರಿ ದುಡ್ಡು ನಾನೇ ಕೊಟ್ಟೆ. ಎಲ್ಲಾ ಸೇರಿ ಆ ವರ್ಷ ಎಂಟು ಸಾವಿರ ಕೈಬಿಟ್ಟಿತು.

ಆಗ ನೆನಪಾಗಿದ್ದು ನಮ್ಮೂರಿನ ದೋಣಿಯವರ ಲೆಕ್ಕ. ನನ್ನದು ಅಂಕೋಲಾ ಕಡೆ. ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಭರತಿಯ, ಅಂದರೆ ಸಮುದ್ರ ತುಂಬುವ ಹೊತ್ತು, ಅಷ್ಟೇ. ತದಿಗೆ ಅಂದರೆ ಮೂರು, ಮೂರರ ಮುಕ್ಕಾಲು ಎರಡೂಕಾಲು. ಎರಡೂಕಾಲಿಗೆ ಭರತಿ. ಆರು ಗಂಟೆ ಸೇರಿಸಿದರೆ ಎಂಟೂಕಾಲಿಗೆ ಇಳಿತ. ಅಷ್ಟಮಿಗೆ ಭರತಿಯೇ ಆರಕ್ಕೆ ಬರುತ್ತದೆ, ಹಾಗಾಗಿ ನನ್ನ ಮೊದಲ ನಡಿಗೆ ಕೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಹುಣ್ಣಿಮೆ ಅಥವಾ ಅಮಾವಾಸ್ಯೆಯಿಂದ ಚೌತಿವರೆಗೆ, ಎರಡೂ ಪಕ್ಷದಲ್ಲಿ, ಬೆಳಗಿನ ಇಳಿತ ನಡೆಯುವ ಹೊತ್ತಿಗೆ ಬರುತ್ತದೆ. ಗೋಡೆ ಕ್ಯಾಲೆಂಡರ್ ಹಿಡಿದು ಒಂದೇ ಕೂತಲ್ಲಿ ಇಡೀ ವರ್ಷದ ಭಾನುವಾರ ಗುರುತು ಮಾಡಬಹುದು.

ಬಿಲ್ಡಿಂಗಿನಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. ನಿವೃತ್ತ ಮಾಸ್ತರರೊಬ್ಬರು, "ಅಲ್ಲ ತಮ್ಮಾ, ಏಕಾದಶಿ ಉಪವಾಸಕ್ಕೆ ತಿಥಿ ನೋಡ್ತಾರೆ, ವಾಕಿಂಗಿಗೂ ನೋಡ್ತಾರಾ?" ಅಂದರು. ಈಗ ಗುಂಪಿನ ತಾರೀಖು ಪಟ್ಟಿ ಬರೆಯುವವರು ಅವರೇ.

ಆದರೆ ಊರಿನ ಲೆಕ್ಕ ಇಲ್ಲಿ ನೇರ ಕೂರಲಿಲ್ಲ. ಹುಣ್ಣಿಮೆಗೆ 15ರ ಮುಕ್ಕಾಲು ಹನ್ನೊಂದೂಕಾಲು, ಅಂದರೆ ಇಳಿತ ಐದೂಕಾಲಿಗೆ. ಐದಕ್ಕೇ ಎಲ್ಲರನ್ನೂ ಕತ್ತಲಲ್ಲಿ ನಿಲ್ಲಿಸಿದೆ. ನೀರು ಇನ್ನೂ ಇಳಿಯುತ್ತಲೇ ಇತ್ತು, ನಾಯಿಗಳ ಕಾಟ ಬೇರೆ. ಕಾರವಾರ, ಗೋವಾ ಕಡೆ ಭರತಿ ಮೊದಲು ಬರುತ್ತದೆ, ಮುಂಬೈಗೆ ಸುಮಾರು ಒಂದು ಗಂಟೆ ತಡ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ತುಂಬುವುದು ಹನ್ನೆರಡರ ಹತ್ತಿರ, ಇಳಿಯುವುದು ಆರರ ಸುತ್ತ. ಯಾವ ತಿಥಿಗೆ ಎಷ್ಟು ನಿಮಿಷ ಸೇರಿಸಬೇಕು ಅಂತ ಎರಡು ವರ್ಷ ಬರೆದಿಟ್ಟ ಡೈರಿ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಕೊಡುವುದಿಲ್ಲ. ನೀವೂ ನಾಲ್ಕು ಹುಣ್ಣಿಮೆ ನಿಂತು ನೋಡಿ, ತಾನಾಗಿ ಸಿಗುತ್ತದೆ. ಹಿಂದಿನ ರಾತ್ರಿ ಭರತಿ ಪಟ್ಟಿಯಲ್ಲಿ ಒಮ್ಮೆ ತಾಳೆ ನೋಡುವುದನ್ನು ಮಾತ್ರ ಬಿಡಬೇಡಿ.

ಪೂರ್ತಿ ಇಳಿತಕ್ಕೆ ಒಂದು ಗಂಟೆ ಮೊದಲು ಹೊರಡುತ್ತೇವೆ. ಹೋಗುವುದು ವರ್ಸೋವಾದಿಂದ ಜುಹೂ ಕಡೆಗೇ. ತಿರುಗಿಸಿಯೂ ನೋಡಿದೆ, ಚೆನ್ನಾಗಾಗಲಿಲ್ಲ. ದಣಿದ ಹೊತ್ತಿಗೆ ಶೌಚಾಲಯ, ಎಳನೀರು, ಬಸ್ಸು ಜುಹೂ ತುದಿಯಲ್ಲೇ ಸಲೀಸು. ದಾರಿಯಲ್ಲಿ ಬರುವ ನಾಲೆಯನ್ನು ಮೇಲೆ, ಗೋಡೆ ಹತ್ತಿರ ದಾಟಬೇಡಿ. ಅಲ್ಲಿ ನೀರು ಕಿರಿದು, ಆದರೆ ಆಳ. ಕೆಳಗೆ ಮರಳಿನ ಮೇಲೆ ಅಗಲವಾಗಿ ಹರಡಿಕೊಂಡ ಕಡೆ ಪಾದ ಮುಳುಗುವಷ್ಟೇ ಇರುತ್ತದೆ. ನಾನು ಗುರುತಿಟ್ಟ ಜಾಗ ನಮ್ಮ ಜೊತೆ ಬಂದವರಿಗೆ ತೋರಿಸುತ್ತೇನೆ.

ಬರಿಗಾಲು, ಚಪ್ಪಲಿ, ಹಳೆಯ ಕ್ಯಾನ್ವಾಸ್ ಶೂ, ಮೂರನ್ನೂ ತಲಾ ಮೂರು ವಾರ ಪರೀಕ್ಷೆ ಮಾಡಿದೆ. ಗೆದ್ದಿದ್ದು ಕ್ಯಾನ್ವಾಸ್. ಗಾಜಿನ ಚೂರಿನ ಭಯವಿಲ್ಲ, ಮನೆಯಲ್ಲಿ ನಲ್ಲಿ ನೀರಲ್ಲಿ ತೊಳೆದರೆ ಸಾಕು. ಸಂಜೆಯ ಇಳಿತದಲ್ಲೂ ಎರಡು ಸಲ ಹೋದೆವು. ಜುಹೂ ಚೌಪಾಟಿಯ ಜನಸಂದಣಿಯಲ್ಲಿ ಹಿರಿಯರನ್ನು ಒಟ್ಟಿಗೆ ಇಟ್ಟುಕೊಳ್ಳುವುದೇ ಕೆಲಸವಾಯಿತು, ಬಿಟ್ಟೆವು. ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ರಜೆ. ಮಳೆಗಾಲದಲ್ಲಿ ನೀಲಿ ಗುಳ್ಳೆಯಂಥ ಬ್ಲೂ ಬಾಟಲ್ ಅನ್ನುವ ಸಮುದ್ರ ಜೀವಿ ದಡಕ್ಕೆ ಬಂದು ಬೀಳುತ್ತದೆ. ಅದರ ದಾರದಂಥ ಬಾಲ ತಾಗಿದರೆ ಉರಿ ತಡೆಯಲಾಗಲ್ಲ.

ಈಗ ಖರ್ಚು ಕೇಳಿ. ಅಂಧೇರಿಯಿಂದ ವರ್ಸೋವಾ ಮೆಟ್ರೋಗೆ 20, ಅಲ್ಲಿಂದ ಬೀಚಿಗೆ ಆಟೋ ಮೂವರು ಹಂಚಿಕೊಂಡರೆ ತಲಾ 10-12. ಎಳನೀರು, ವಾಪಸ್ ಬಸ್ಸು ಎಲ್ಲಾ ಸೇರಿ 130 ದಾಟಿದ್ದಿಲ್ಲ.

ಅತ್ತೆಗೆ ಎಲ್ಲಕ್ಕಿಂತ ಇಷ್ಟ ಏಡಿಗಳ ಕೆಲಸ. ಉಗುರಿನಷ್ಟೇ ಏಡಿ ಬಿಲದಿಂದ ಹೊರಬಂದು ಮರಳು ಬಾಯಿಗೆ ಹಾಕಿ, ತಿನ್ನುವುದನ್ನು ತಿಂದು, ಉಳಿದಿದ್ದನ್ನು ಸಾಸಿವೆಗಿಂತ ದಪ್ಪ ಗೋಲಿ ಮಾಡಿ ಹಿಂದಕ್ಕೆ ಎಸೆಯುತ್ತದೆ. ಬಿಲದ ಸುತ್ತ ರಂಗೋಲಿಯ ಎಳೆಗಳಂತೆ ಸಾಲು. ನಾವು ಹತ್ತಿರ ಹೋದರೆ ಒಳಗೆ ಓಡುತ್ತದೆ, ಒಂದು ನಿಮಿಷ ಅಲುಗಾಡದೆ ನಿಂತರೆ ಮತ್ತೆ ಬರುತ್ತದೆ. ನೀರು ಬಿಟ್ಟ ಮೇಲಷ್ಟೇ ಈ ಕೆಲಸ, ಮುಂದಿನ ಭರತಿಗೆ ಎಲ್ಲಾ ಅಳಿಸಿಹೋಗುತ್ತದೆ. 2015ರಲ್ಲಿ ವರ್ಸೋವಾ ಸ್ವಚ್ಛತೆ ಶುರುವಾಗುವ ಮೊದಲು ಅಲ್ಲಿ ಪ್ಲಾಸ್ಟಿಕ್ ರಾಶಿಯ ನಡುವೆ ಕಾಲಿಡಲು ಜಾಗ ಹುಡುಕಬೇಕಿತ್ತು. 2018ರಲ್ಲಿ ಅದೇ ದಡದಲ್ಲಿ ಆಲಿವ್ ರಿಡ್ಲಿ ಆಮೆಯ ಮರಿಗಳು ಕಂಡವು. ಅತ್ತೆಯ ಕಣ್ಣು ಈಗಲೂ ಆಮೆಯ ಹೆಜ್ಜೆ ಹುಡುಕುತ್ತಲೇ ಇರುತ್ತದೆ.

ಈ ಸಾಲಿನ ಮೊದಲ ನಡಿಗೆಗೆ ಬಿದಿಗೆಯ ಭಾನುವಾರವೇ ಸಿಕ್ಕಿದೆ. ಆರೂಕಾಲಿಗೆ ವರ್ಸೋವಾ ಮೆಟ್ರೋ ಮೆಟ್ಟಿಲ ಕೆಳಗೆ ಸೇರುತ್ತೇವೆ. ಹೆಸರು ಕೊಟ್ಟವರು ಆಗಲೇ 17 ಮಂದಿ.