ಈಸ್ಟರ್ ಮುಗಿದ ಸೋಮವಾರ: ಒಬ್ಬ ಪಾಸ್ಟರ್ ಅನುಭವ

ನಾನು ರಾಯಚೂರು ಜಿಲ್ಲೆಯಲ್ಲಿ ಕ್ರೈಸ್ತ ಸಭೆ ನೋಡಿಕೊಳ್ಳುತ್ತೇನೆ. ತಾಲೂಕು ಊರಲ್ಲಿ ಒಂದು ಚರ್ಚು, ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ಸಣ್ಣ ಸಭೆಗಳು. ಈಸ್ಟರ್ ವಾರ ಅಂದರೆ ಗರಿಗಳ ಭಾನುವಾರದ ಮೆರವಣಿಗೆ, ಗುರುವಾರ ರಾತ್ರಿ ಪ್ರಭು ಭೋಜನ, ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ, ಭಾನುವಾರ ನಸುಕಿಗೆ ಸಮಾಧಿಗಳ ಹತ್ತಿರ ಪ್ರಾರ್ಥನೆ, ಮತ್ತೆ ಚರ್ಚಿನಲ್ಲಿ ಆರಾಧನೆ, ಅದು ಮುಗಿದ ಕೂಡಲೇ ಬೈಕ್ ಹತ್ತಿ ಹಳ್ಳಿಗಳಿಗೆ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂತು. ಚರ್ಚಿನ ಲೆಕ್ಕ ಮುಗಿಸುವ ದಿನವೂ ಅದೇ.

ಕೆಲಸ ಜಾಸ್ತಿ ಅನ್ನೋದು ಅಷ್ಟು ನೋಯಿಸುವುದಿಲ್ಲ. ನಲವತ್ತು ದಿನ ಉಪವಾಸ, ಪ್ರಾರ್ಥನೆ ಅಂತ ಮನಸ್ಸು ಕಟ್ಟಿಕೊಂಡು ಬಂದು, ಆ ಬೆಳಿಗ್ಗೆ "ಕ್ರಿಸ್ತನು ಎದ್ದಿದ್ದಾನೆ" ಎಂದು ಹೇಳುವಾಗ ಎದುರಿಗೆ ಬೆಂಚುಗಳು ಖಾಲಿ ಇದ್ದರೆ ನೋಯುತ್ತದೆ. ನಮ್ಮ ಕಡೆ ಬೇಸಿಗೆ ಬಂತೆಂದರೆ ಎಷ್ಟೋ ಮನೆಯವರು ಗುಳೆ ಹೋಗಿರುತ್ತಾರೆ. 2025ರಲ್ಲಿ ಯುಗಾದಿ ಮಾರ್ಚ್ 30, ಈಸ್ಟರ್ ಏಪ್ರಿಲ್ 20. ಯುಗಾದಿಗೆ ಬಂದವರು ಈಸ್ಟರ್ ತನಕ ಕೂತರೆ ಕೂಲಿ ಹೋಗುತ್ತದಲ್ವಾ, ತಿರುಗಿ ಬೆಂಗಳೂರಿನ ಬಸ್ ಹತ್ತಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಸೋಮವಾರ ಎದ್ದಾಗ ಎದೆ ಭಾರ.

ಈ ಸೋಮವಾರದ ಬಗ್ಗೆ ಪಾಸ್ಟರ್‌ಗಳು ಬಾಯಿ ಬಿಡುವುದು ಕಡಿಮೆ. ನಂಬಿಕೆ ಸಾಲದು ಅಂದುಕೊಂಡಾರು ಎಂಬ ಭಯ. ಬೈಬಲಿನ ಪ್ರವಾದಿ ಎಲೀಯನನ್ನೇ ನೋಡಿ. ಕರ್ಮೆಲ್ ಬೆಟ್ಟದಲ್ಲಿ ಅವನ ಪ್ರಾರ್ಥನೆಗೆ ಆಕಾಶದಿಂದ ಬೆಂಕಿ ಇಳಿದ ಮೇಲೆಯೇ ಅವನು ಗಿಡದ ಕೆಳಗೆ ಕೂತು ಪ್ರಾಣ ತೆಗೆದುಬಿಡು ಎಂದು ಬೇಡಿದ್ದು. ದೂತ ಅವನಿಗೆ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ. ನಾನೂ ಆ ದಿನ ಫೋನನ್ನು ಸಭೆಯ ಕಾರ್ಯದರ್ಶಿ ಕೈಗೆ ಕೊಟ್ಟು ಉಂಡು ಮಲಗುತ್ತೇನೆ. ಸಾವು ನೋವು ಇದ್ದರೆ ಮಾತ್ರ ಎಬ್ಬಿಸಿ ಎಂದು ಹೇಳಿರುತ್ತೇನೆ.

ಶುಕ್ರವಾರದ ಏಳು ಮಾತುಗಳನ್ನು ಈಗ ಏಳು ಜನಕ್ಕೆ ಹಂಚುತ್ತೇನೆ. ತಪಸ್ಸು ಕಾಲ, ಅಂದರೆ ಆ ನಲವತ್ತು ದಿನ, ಶುರುವಾದಾಗಲೇ ಚೀಟಿ ಕೊಡುತ್ತೇನೆ: ಒಂದು ವಚನ, ಐದು ನಿಮಿಷ, ನಿಮ್ಮ ಬದುಕಿನಿಂದಲೇ ಮಾತಾಡಿ. ಒಮ್ಮೆ ಐದನೆಯ ಮಾತು ಹೊಲದ ಕೂಲಿಗೆ ಹೋಗುವ ಒಬ್ಬ ಅಮ್ಮನಿಗೆ ಬಂದಿತ್ತು. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಎಲ್ಲರೂ ಉಪವಾಸ, ಬೆವರು ಇಳಿಯುತ್ತಿತ್ತು. ಅವರು "ನನಗೆ ನೀರಡಿಕೆಯಾಗಿದೆ" ಎಂದು ಓದಿ ಸ್ವಲ್ಪ ತಡೆದು, "ಮೆಣಸಿನಕಾಯಿ ಬಿಡಿಸೋ ಹೊತ್ತಿನ್ಯಾಗ ನೀರು ಕೇಳಿದ್ರ ಕೊಡೋರು ಇರಲ್ರಿ, ಸ್ವಾಮಿಗೂ ಹಂಗೇ ಆತು" ಅಂದರು. ಅದಕ್ಕಿಂತ ಒಳ್ಳೆಯ ಪ್ರಸಂಗ ನಾನು ಮಾಡಲಾರೆ. ಮೂರು ಗಂಟೆಗೆ ಎಲ್ಲರಿಗೂ ಮಜ್ಜಿಗೆ ಕೊಟ್ಟಾಗ ಅವರೇ ಬಂದು, "ಅಯ್ಯನೋರೆ, ನೀವು ಕುಡಿದ್ರೇನ್ರಿ?" ಎಂದು ಕೇಳಿದರು. ಇಡೀ ವಾರದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ.

ಇನ್ನು ಖಾಲಿ ಬೆಂಚುಗಳ ವಿಷಯ. ಈಸ್ಟರ್ ಒಂದೇ ದಿನದ ಹಬ್ಬ ಅಲ್ಲ, ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪೆಂತೆಕೋಸ್ತಿನವರೆಗೆ 50 ದಿನ ಇದೆ. ಎಲ್ಲ ಭಾರವನ್ನೂ ಒಂದು ಬೆಳಗಿನ ಮೇಲೆ ಯಾಕೆ ಹೇರಬೇಕು? ಬೈಬಲಿನ ಲೂಕ 24ರಲ್ಲಿ ಯೇಸುವಿನ ಇಬ್ಬರು ಶಿಷ್ಯರು ಯೆರೂಸಲೇಮ್ ಬಿಟ್ಟು ಎಮ್ಮಾಹು ಎಂಬ ಹಳ್ಳಿಗೆ ಹೊರಟಿದ್ದರು. ಎದ್ದ ಕರ್ತನು ಊರಲ್ಲಿ ಕೂತು ಅವರಿಗೆ ಕಾಯಲಿಲ್ಲ, ಅವರ ಜೊತೆ ದಾರಿ ನಡೆದ. ಹಾಗಾಗಿ ಆ 50 ದಿನದೊಳಗೆ ನಾನು ಬೆಂಗಳೂರಿಗೆ ಹೋಗುತ್ತೇನೆ. ನಮ್ಮ ಜನ ಕಟ್ಟಡದ ಕೆಲಸ ಮಾಡುವ ಕಡೆ, ತಗಡಿನ ಶೆಡ್ಡುಗಳ ಮುಂದೆ, ಕೆಲಸ ಬಿಟ್ಟು ಮೈ ತೊಳೆದುಕೊಂಡು ಬಂದವರ ಜೊತೆ ಆರಾಧನೆ. ಸೌಂಡ್ ಸಿಸ್ಟಮ್ ಇಲ್ಲ, ಕ್ವಾಯರ್ ಇಲ್ಲ, ಚಾಪೆ ಹಾಸಿ ರೊಟ್ಟಿ ಮುರಿಯುತ್ತೇವೆ. ಬಸ್ ಖರ್ಚನ್ನು ಈಗ ಕಮಿಟಿಯವರೇ ಹಬ್ಬದ ಬಜೆಟ್‌ನಲ್ಲಿ ಸೇರಿಸಿದ್ದಾರೆ, ಪೆಂಡಾಲ್ ಸಣ್ಣದಾದರೂ ಪರವಾಗಿಲ್ಲ ಎಂದು.