ಬೆಳಗಾವಿ ಮಳೆಗೆ ಹೊರಗೋಡೆ ಹಸಿರುಗಟ್ಟದಂತೆ: ನಾನು ಅನುಸರಿಸುವ ಕ್ರಮ

ಹೊರಗೋಡೆಯ ಪಾಚಿ ತೆಗೆಯುವ ಕೆಲಸವನ್ನು ನಾನು ಏಪ್ರಿಲ್‌ನಲ್ಲಿ ಶುರು ಮಾಡಿ, ಮಿರಗ (ಜೂನ್ ಮೊದಲ ಭಾಗದ ಮೃಗಶಿರಾ ಮಳೆ) ಕೂಡುವ ಮೊದಲು ಮುಗಿಸುತ್ತೇನೆ. ದೀಪಾವಳಿಗೆ ಬಣ್ಣ ಹೊಡೆಸುವ ರೂಢಿ ನಮ್ಮಲ್ಲಿದೆ. ಉಳಿದ ಗೋಡೆಗಳಿಗೆ ಅದು ನಡೆದೀತು, ಉತ್ತರದ ಗೋಡೆಗೆ ಮಾತ್ರ ಬೇಡ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಆ ಗೋಡೆಗೆ ನೇರ ಬಿಸಿಲೇ ಬೀಳುವುದಿಲ್ಲ. ಮಳೆಗಾಲದಲ್ಲಿ ಕುಡಿದ ನೀರು ಗಿಲಾವಿನೊಳಗೇ ಇರುತ್ತದೆ. ಅದರ ಮೇಲೆ ಬಣ್ಣ ಕೂತರೆ ಮರುವರ್ಷ ಗುಳ್ಳೆ ಏಳುತ್ತದೆ, ಒಡೆದ ಗುಳ್ಳೆಯ ಅಂಚಿನಲ್ಲಿ ಪಾಚಿ ಹತ್ತುತ್ತದೆ. ಮೇ ಮೊದಲ ವಾರ ದಾಟಿದರೆ ನಡುಹಗಲಿನ ಸೂರ್ಯನೂ ಉತ್ತರಕ್ಕೆ ಸರಿದಿರುತ್ತಾನೆ. ಮುಂಗಾರಿಗೆ ಮೊದಲು ಬೀಳುವ ಅಡ್ಡಮಳೆಯ ದಿನ ಬಿಟ್ಟರೆ ಆ ಗೋಡೆ ಒಣಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಪಡುವಣ ಗೋಡೆಗೆ ಬಿಸಿಲು ಸಿಕ್ಕರೂ ಜೂನ್‌ನಿಂದ ಗಾಳಿಯೊಡನೆ ಬರುವ ಇರಚಲು ಪೂರ್ತಿ ಅದರ ಮೇಲೆಯೇ. ವಿಜಯಪುರ, ಬಾಗಲಕೋಟೆಯಲ್ಲಿ ನಮಗಿಂತ ತುಂಬಾ ಕಡಿಮೆ ಮಳೆ. ಅಲ್ಲಿ ಗೋಡೆ ಹಸಿರಾಗಿದ್ದರೆ ಮೊದಲು ಟಾಕಿ, ಪೈಪು ನೋಡಿ.

ಕಲೆ ಯಾವುದೆಂದು ಗೊತ್ತಾಗದೆ ಔಷಧ ತರಬಾರದು. ಹಸಿರು ಲೇಪದಂತಿದ್ದರೆ ಪಾಚಿ, ಕಪ್ಪು ಚುಕ್ಕೆಗಳಿದ್ದರೆ ಬೂಸು. ಪ್ಯಾರಾಪೆಟ್‌ನಿಂದ ಇಳಿಯುವ ಕಪ್ಪು ಪಟ್ಟಿ ಬರೀ ಧೂಳು ಅನ್ನಿಸಿದರೂ ಹೆಚ್ಚಾಗಿ ಪಾಚಿಯ ಜಾತಿಯದೇ. ಅದರ ಮೇಲೆ ಬ್ಲೀಚ್ ನೀರಿನ ಹನಿ ಇಟ್ಟು ಐದು ನಿಮಿಷ ಬಿಡಿ. ಬಣ್ಣ ತಿಳಿಯಾದರೆ ಜೀವವಿರುವ ಕಲೆ, ಹಾಗೆಯೇ ಉಳಿದರೆ ಧೂಳು ಅಥವಾ ಹೊಗೆ. ಬಿಳಿ ಪುಡಿ ಉದುರುತ್ತಿದ್ದರೆ ಅದು ಉಪ್ಪು. ಅದಕ್ಕೆ ಬ್ಲೀಚ್ ಹೊಡೆದು ಪ್ರಯೋಜನವಿಲ್ಲ, ನೀರು ಎಲ್ಲಿಂದ ಬರುತ್ತದೆಂದು ಹುಡುಕಬೇಕು.

ಪಾಚಿಗೂ ಬೇಕಿರುವುದು ನೀರೇ. ಅದಕ್ಕೇ ಗೌಂಡಿ ಕೆಲಸ ಮೊದಲು, ಪೇಂಟರ್ ಆಮೇಲೆ. ಕಿಟಕಿ ಮೇಲಿನ ಛಜ್ಜಾದ ಕೆಳಮೈಯಲ್ಲಿ, ಅಂಚಿನಿಂದ ಒಂದು ಇಂಚು ಒಳಗೆ, ಅರ್ಧ ಇಂಚು ಅಗಲ, ಅರ್ಧ ಇಂಚು ಆಳದ ಗಾಡಿ, ಅಂದರೆ ಉದ್ದಕ್ಕೂ ಕೊರೆದ ತೋಡು, ಇರಬೇಕು. ಅದಿಲ್ಲದಿದ್ದರೆ ನೀರು ಅಂಚಿನಲ್ಲಿ ತೊಟ್ಟಿಕ್ಕದೆ ಕೆಳಮೈ ಹಿಡಿದು ಒಳಗೆ ಬಂದು ಗೋಡೆಗೆ ಇಳಿಯುತ್ತದೆ. ಛಜ್ಜಾದ ಕೆಳಗೇ ಹಸಿರು ಪಟ್ಟಿ ಇದ್ದರೆ ಕಾರಣ ಇದೇ. ಹಳೇ ಛಜ್ಜಾಕ್ಕೆ ಗಾಡಿ ಕೊರೆಯಲು ಹೋದರೆ ಕಬ್ಬಿಣ ಬಯಲಾಗಬಹುದು. ಅಲ್ಲಿ ಅಂಚಿಗೆ ಅಲ್ಯೂಮಿನಿಯಂ ಎಲ್ ಪಟ್ಟಿಯನ್ನು ಕೆಳಕ್ಕೆ ಬಾಗಿಸಿ ಸೀಲೆಂಟ್ ಹಾಕಿ ಕೂರಿಸುತ್ತೇನೆ. ಪ್ಯಾರಾಪೆಟ್ ತಲೆಯ ಇಳಿಜಾರು ಮಾಳಿಗೆಯ (ತಾರಸಿಯ) ಕಡೆಗೇ ಇರಲಿ. ಮಾಳಿಗೆ ನೀರಿನ ಪೈಪನ್ನು ನೆಲದವರೆಗೆ ಇಳಿಸಿ. ನಾಲ್ಕು ಇಂಚಿನ ತುಂಡು ಸಿಕ್ಕಿಸಿ ಬಿಟ್ಟರೆ ಗಾಳಿಗೆ ಆ ನೀರೆಲ್ಲ ಗೋಡೆಗೇ ಬಡಿಯುತ್ತದೆ. ಗೋಡೆಯ ಬುಡದಲ್ಲಿ ಎರಡಡಿ ಅಗಲ ಹೊರಕ್ಕೆ ಇಳಿಜಾರಿನ ಗಚ್ಚು ಹಾಕಿ, ಗೋಡೆಗೆ ತಾಗಿದ ಕುಂಡ, ಬಳ್ಳಿ ದೂರ ಸರಿಸಿ.

ತೊಳೆಯಲು 10 ಲೀಟರ್ ನೀರಿಗೆ 300 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್. ಅದರಲ್ಲಿ ಕ್ಲೋರಿನ್ ಸುಮಾರು 30 ಪ್ರತಿಶತ ಇರುವುದರಿಂದ ಒಂದು ಪ್ರತಿಶತದ ಹತ್ತಿರದ ದ್ರಾವಣ ಸಿಗುತ್ತದೆ. ಬಾಯಿ ತೆರೆದಿಟ್ಟ, ಘಾಟು ಹೋದ ಪುಡಿ ಕೆಲಸ ಮಾಡದು. ಕಲಸಿ ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿ ಪಂಪಿಗೆ ಹಾಕುತ್ತೇನೆ. ತಳದ ಸುಣ್ಣ ನಾಜಲ್ ಕಟ್ಟುತ್ತದೆ, ಗೋಡೆಗೂ ಬಿಳಿ ಬಡಿಯುತ್ತದೆ. ಹೊಲಕ್ಕೆ ಎಣ್ಣೆ ಹೊಡೆಯುವ 16 ಲೀಟರ್ ಪಂಪೇ ಸಾಕು, ಆದರೆ ಗೋಡೆಗೆಂದೇ ಬೇರೆ ಇಡಿ. ಗಿಡಗಳಿಗೆ ಮೊದಲು ನೀರು ಹಾಕಿ, ಗ್ರಿಲ್ ಮುಚ್ಚಿ, ಕೈಗವಸು, ಕನ್ನಡಕ ತೊಟ್ಟು ಕೆಳಗಿನಿಂದ ಮೇಲಕ್ಕೆ ಹೊಡೆಯಿರಿ. ಮೇಲಿನಿಂದ ಶುರು ಮಾಡಿದರೆ ಒಣ ಗೋಡೆಯ ಮೇಲೆ ಹರಿದ ಗೆರೆಗಳು ಉಳಿದುಬಿಡುತ್ತವೆ. 15 ನಿಮಿಷ ಗೋಡೆ ಒಣಗಬಾರದು, ಹಾಗಾಗಿ ಬೆಳಗಿನ ತಂಪಿನಲ್ಲೇ ಮಾಡುತ್ತೇನೆ. ಆಮೇಲೆ ನೈಲಾನ್ ಬ್ರಶ್‌ನಿಂದ ಉಜ್ಜಿ, ಚೆನ್ನಾಗಿ ನೀರು ಹೊಡೆದು ತೊಳೆಯಬೇಕು. ತಂತಿ ಬ್ರಶ್ ಬೇಡವೇ ಬೇಡ. ಮುರಿದ ತಂತಿಯ ಚೂರು ಗೋಡೆಯಲ್ಲಿ ಉಳಿದು ತುಕ್ಕಿನ ಚುಕ್ಕೆ ಬೀಳುತ್ತದೆ.

ಆಸಿಡ್ ಹಾಕುವವರನ್ನು ತಡೆಯಿರಿ. ಆಸಿಡ್ ಸಿಮೆಂಟನ್ನು ತಿಂದು ಉಸುಕು ಮೇಲೆ ಬರುವಂತೆ ಮಾಡುತ್ತದೆ, ಆ ಒರಟು ಮೈಗೆ ಪಾಚಿ ಇನ್ನೂ ಬೇಗ ಹತ್ತುತ್ತದೆ. ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಎದ್ದು ಜೀವಕ್ಕೇ ಅಪಾಯ.

ಬ್ಲೀಚ್ ಇದ್ದುದನ್ನು ಕೊಲ್ಲುತ್ತದೆ, ಮುಂದೆ ಕಾಯುವುದಿಲ್ಲ. ಗೋಡೆ ಎರಡು ದಿನ ಒಣಗಿದ ಮೇಲೆ ಬೆಂಜಾಲ್ಕೋನಿಯಂ ಕ್ಲೋರೈಡ್ ಹೊಡೆಯುತ್ತೇನೆ. ಕೋಳಿಫಾರ್ಮಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಲ್ಲಿ ಬಿಕೆಸಿ ಎಂದು ಕೇಳಿದರೆ ಕೊಡುತ್ತಾರೆ. 50 ಪ್ರತಿಶತದ್ದಾದರೆ 10 ಲೀಟರ್ ನೀರಿಗೆ 200 ಮಿಲಿ. ಸುಮಾರು 400 ಚದರಡಿಗೆ ಆಗುತ್ತದೆ. ಇದನ್ನು ತೊಳೆಯಬಾರದು, ಒಂದು ದಿನ ಮಳೆ ತಾಗಬಾರದು. ಪಂಪಿನಲ್ಲಿ ಸೋಪಿನ ನೀರು ಉಳಿದಿದ್ದರೆ ಔಷಧ ಸತ್ತಂತೆಯೇ. ಮೀನಿಗೆ ವಿಷ, ಬಾವಿ, ಹೊಂಡದ ಹತ್ತಿರ ಬಳಸಬೇಡಿ.

ಬಣ್ಣಕ್ಕೆ ಮೊದಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಿರಿ. ಹೊಸ ಗಿಲಾವಿಗೆ 28 ದಿನ ಬೇಕು. ಒಂದು ಕೋಟು ಹೊರಗಿನ ಪ್ರೈಮರ್, ಮೇಲೆ ಎರಡು ಕೋಟು ಪಾಚಿ ನಿರೋಧಕ ಅಕ್ರಿಲಿಕ್ ಎಮಲ್ಶನ್. ಒಳಗೋಡೆಯ ಪುಟ್ಟಿ ಹೊರಗೆ ಬಳಸಬೇಡಿ. ಎರಡು ಕೋಟಿಗೆ ಲೀಟರಿಗೆ 50 ಚದರಡಿ ಎಂದು ಲೆಕ್ಕ ಹಿಡಿಯಿರಿ. ಪೇಂಟರ್ 90 ಮುಟ್ಟಿಸಿದರೆ ನೀರು ಜಾಸ್ತಿ ಬೆರೆತಿದೆ, ಪಾಚಿ ತಡೆಯುವ ಔಷಧವೂ ಅಷ್ಟೇ ತೆಳುವಾಗಿದೆ. ಒಳ್ಳೆಯ ಬಣ್ಣದಲ್ಲೂ ಆ ಔಷಧ ಮಳೆಗೆ ಸ್ವಲ್ಪ ಸ್ವಲ್ಪವೇ ತೊಳೆದು ಹೋಗುತ್ತದೆ. ಹಾಗಾಗಿ ಪಡುವಣ ಮತ್ತು ಉತ್ತರದ ಗೋಡೆಗೆ ಪ್ರತಿ ಮೇ ತಿಂಗಳಲ್ಲಿ ಬಿಕೆಸಿ ಒಂದು ಕೈ ಹೊಡೆಯುತ್ತೇನೆ. ಮಳೆ ಇನ್ನೂ ಜೋರಾಗಿರುವ ಖಾನಾಪುರ, ಜಾಂಬೋಟಿ ಕಡೆಯ ಮನೆಗಳಿಗಾದರೆ ಅಕ್ಟೋಬರ್‌ನಲ್ಲಿ, ಮಳೆ ನಿಂತು ಗೋಡೆ ಮೇಲ್ಮೈ ಒಣಗಿದ ಕೂಡಲೇ, ಇನ್ನೊಂದು ಸಲ.