“ಯಾವ ಅತ್ತೆ ಸಾರ್?”

ನಾನು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವನು. ಲೆಕ್ಕ ಕಂಡರೆ ಪಿಯುಸಿಯಿಂದಲೂ ದೂರ. ಆದರೂ ಡೇವಿಡ್ ಹೈಸ್ ಬರೆದದ್ದನ್ನು ಓದಿದ ಮೇಲೆ ಒಂದು ಸಲ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು.

ಹೈಸ್ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಸಮಾಜಶಾಸ್ತ್ರಜ್ಞ, 2021ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಅವರು ಕಟ್ಟಿದ ಸಿದ್ಧಾಂತಕ್ಕೆ ‘ಅಫೆಕ್ಟ್ ಕಂಟ್ರೋಲ್’, ಅಂದರೆ ಭಾವನೆಯ ನಿಯಂತ್ರಣ, ಅಂತ ಹೆಸರು. ಫ್ರಿಜ್ ಒಳಗೆ ಸೆಖೆ ಏರಿದರೆ ಮೋಟಾರು ತಾನೇ ಶುರುವಾಗುತ್ತಲ್ಲ, ನಾವೂ ಹಾಗೇ ಅನ್ನುತ್ತಾರೆ ಅವರು. ಡಾಕ್ಟರು, ಅಮ್ಮ, ಮೇಷ್ಟ್ರು ಅಂದರೆ ಹೇಗಿರಬೇಕು ಅನ್ನೋ ಭಾವನೆ ಮೊದಲೇ ನಮ್ಮೊಳಗೆ ಕೂತಿರುತ್ತದೆ. ನಡೆದದ್ದು ಅದಕ್ಕೆ ಹೊಂದದಿದ್ದರೆ ಸರಿಮಾಡಲು ಹೊರಡುತ್ತೇವೆ.

ಆ ಭಾವನೆಯನ್ನು ಅಳೆಯೋದು ಮೂರು ಗೆರೆಗಳಲ್ಲಿ: ಎಷ್ಟು ಒಳ್ಳೆಯದು, ಎಷ್ಟು ಬಲ, ಎಷ್ಟು ಚುರುಕು. ಈ ಮೂರು ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಆಸ್‌ಗುಡ್ ಮತ್ತು ಜೊತೆಯವರು 1957ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದವು. ಆಮೇಲೆ ಆಸ್‌ಗುಡ್ ತಂಡ ಹಲವು ಭಾಷೆಗಳಲ್ಲಿ ಇದನ್ನು ಪರೀಕ್ಷಿಸಿತು. ಅದರಲ್ಲಿ ಮೈಸೂರಿನ ಕನ್ನಡವೂ ಇತ್ತು! ಇದು ಗೊತ್ತಾದಾಗ ನನಗೆ ಆದ ಖುಷಿಗೆ ಯಾವ ಅಂಕಿ ಕೊಡಬೇಕೋ.

ಹೈಸ್ ಪದ್ಧತಿಯಲ್ಲಿ ಅಂಕಿ −4.3ರಿಂದ +4.3ರವರೆಗೆ ಓಡುತ್ತದೆ. ನಾನೂ ಅದೇ ಗೆರೆಗಳನ್ನು ಜೆರಾಕ್ಸ್ ಮಾಡಿಸಿ ತರಗತಿಯಲ್ಲಿ ಹಂಚಿದೆ. ಮೊದಲ ಪದ ‘ಅಮ್ಮ’. ಪೆನ್ನುಗಳು ಸರಸರ ಓಡಿದವು. ಎರಡನೆಯದು ‘ಅತ್ತೆ’. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು: “ಯಾವ ಅತ್ತೆ ಸಾರ್? ಅಪ್ಪನ ತಂಗಿನಾ, ಮಾವನ ಹೆಂಡ್ತಿನಾ, ಗಂಡನ ಅಮ್ಮನಾ?”

ತರಗತಿ ನಕ್ಕಿತು. ನನಗೆ ಬೆವರು. ಇಂಗ್ಲಿಷ್ ಪಟ್ಟಿಯನ್ನು ಕಣ್ಣುಮುಚ್ಚಿ ಕನ್ನಡಕ್ಕೆ ಇಳಿಸಿದ್ದೆ. ಸೋದರತ್ತೆಗೆ ಒಂದು ಮನಸ್ಸು, ಗಂಡನ ತಾಯಿಗೆ ಇನ್ನೊಂದು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಅತ್ತೆ ಯಾರ ಮನೆಯಲ್ಲೂ ಇರೋದಿಲ್ಲ.

ಇನ್ನೊಂದು ಎಡವಟ್ಟು ‘ಜೋರು’. ಚುರುಕಿನ ತುದಿಗೆ ನಾನು ಹಾಕಿದ್ದ ಪದ ಅದು. ಆದರೆ “ಆ ಹೆಂಗಸು ಜೋರು” ಅಂದಾಗ ನಾವು ವೇಗದ ಮಾತಾಡುತ್ತೇವಾ? ಬಲವೂ ಸೇರಿತು, ಸ್ವಲ್ಪ ಬೈಗುಳವೂ ಸೇರಿತು. ಮೂರು ಗೆರೆ ಒಂದರೊಳಗೊಂದು ಸಿಕ್ಕಿಕೊಂಡವು. ಹಾಳೆಗಳನ್ನು ಪಕ್ಕಕ್ಕಿಟ್ಟು, ‘ಚುರುಕು–ನಿಧಾನ’ ಅಂತ ತಿದ್ದಿ ಮತ್ತೆ ಹಂಚಿದೆ.

ಲೆಕ್ಕ ಮಾತ್ರ ಅಂದುಕೊಂಡಷ್ಟು ಕಷ್ಟ ಇರಲಿಲ್ಲ. “ಡಾಕ್ಟರು ರೋಗಿಗೆ ಹೊಡೆದರು” ಅನ್ನಿ. ಸುಮ್ನೆ ಉದಾಹರಣೆಗೆ, ಡಾಕ್ಟರ ಒಳ್ಳೆಯತನಕ್ಕೆ ಮೊದಲು 2 ಇತ್ತು, ಹೊಡೆದ ಮೇಲೆ −0.5 ಆಯಿತು. ಅಂತರ 2.5, ಅದರ ವರ್ಗ 6.25. ಮಾಡಿದವರು, ಮಾಡಿದ್ದು, ಮಾಡಿಸಿಕೊಂಡವರು, ತಲಾ ಮೂರು ಗೆರೆ. ಒಟ್ಟು ಒಂಬತ್ತು ವರ್ಗ ಕೂಡಿಸಿದರೆ ಬರುವ ಮೊತ್ತವನ್ನು ತರಗತಿಯಲ್ಲಿ ‘ಕಸಿವಿಸಿ’ ಅಂತ ಕರೆದೆವು. ಮೊತ್ತ ದೊಡ್ಡದಾದಷ್ಟೂ ನಡೆದದ್ದನ್ನು ನಂಬೋದು ಕಷ್ಟ. ಆಗ ನಾವೇನು ಮಾಡುತ್ತೇವೆ? “ಅವನು ಡಾಕ್ಟರಾ? ರೌಡಿ!” ಅನ್ನುತ್ತೇವೆ. ರೌಡಿ ಹೊಡೆದರೆ ಕಸಿವಿಸಿ ಕಡಿಮೆ. ಹೆಸರು ಬದಲಾಯಿಸಿ ಮೊತ್ತ ಇಳಿಸಿಕೊಂಡೆವು. ಈ ಸಿದ್ಧಾಂತದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ.

ಹೊಡೆದ ಮೇಲೆ ಅಂಕಿ ಎಷ್ಟಕ್ಕೆ ಇಳಿಯುತ್ತದೆ ಅನ್ನೋದಕ್ಕೆ ಬೇರೆ ಸಮೀಕರಣಗಳಿವೆ. ನಾನು ಅಮೆರಿಕದವನ್ನೇ ಎಕ್ಸೆಲ್‌ಗೆ ಹಾಕಿದ್ದೆ. ತಪ್ಪು ನನ್ನದೇ. ಜಪಾನಿನವರು ತಮ್ಮ ಜನರನ್ನು ಕೇಳಿ ತಮ್ಮದೇ ಸಮೀಕರಣ ತೆಗೆದಿದ್ದಾರೆ. ಹಾಗಾಗಿ ನನ್ನ ಮೊತ್ತಗಳನ್ನು ಎಲ್ಲೂ ಪ್ರಕಟಿಸುವ ಧೈರ್ಯ ಮಾಡಲಿಲ್ಲ.

ಅದಕ್ಕಿಂತ ಜಾಸ್ತಿ ಕಾಡಿದ್ದು ಬಹುವಚನ. “ಸೊಸೆ ಅತ್ತೆಗೆ ಎದುರು ಮಾತಾಡಿದಳು” ಅನ್ನೋ ಸಾಲಿಗೆ ಒಬ್ಬ ಹುಡುಗ ಅಂಚಿನಲ್ಲಿ ಬರೆದಿದ್ದ: “ನೀವು ಅಂದಳಾ, ನೀನು ಅಂದಳಾ?” ಅವನ ಪ್ರಶ್ನೆ ಸರಿ. ಮಾತು ಅದೇ ಇದ್ದರೂ ‘ನೀನು’ ಬಂದ ಕೂಡಲೇ ಮನೆಯಲ್ಲಿ ಯಾರ ಬಲ ಎಷ್ಟು ಅನ್ನೋದೇ ಬದಲಾಗುತ್ತದೆ, ಅಲ್ವಾ? ನನ್ನ ಒಂಬತ್ತು ಕಾಲಂಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಈ ವರ್ಷದ ಹಾಳೆಯಲ್ಲಿ ಆ ಸಾಲು ಎರಡು ಸಲ ಇದೆ, ಒಂದು ‘ನೀವು’, ಒಂದು ‘ನೀನು’. ಅತ್ತೆಯಂದಿರು ಮೂವರಿದ್ದಾರೆ.